ಚೀಟಿಯ ಮೂಲೆಯಲ್ಲಿ ಬರೆದದ್ದು

ಸೆಪ್ಟೆಂಬರ್ ೩

ಪ್ರೀತಿಯ ಮಗಳೇ,

ನಾನು ಸೌಖ್ಯ. ನಿನ್ನ ಹನ್ನೊಂದು ಗಿಡಗಳಲ್ಲಿ ಹತ್ತು ಸೌಖ್ಯ. ಹನ್ನೊಂದನೆಯದು ನಾನು ಬರುವಾಗಲೇ ಮುಖ ಬಾಡಿಸಿಕೊಂಡಿತ್ತು, ಆ ಪಾಪವನ್ನು ನನ್ನ ತಲೆಗೆ ಕಟ್ಟಬೇಡ. ನೀನು ಬರೆದಿಟ್ಟುಹೋದ ಸೂಚನೆಗಳ ಹಾಳೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇನೆ. ಗೀಸರ್ ಆರಿಸಬೇಕೆಂದು ಮೂರು ಕಡೆ ಬರೆದಿದ್ದೀಯ. ಇಪ್ಪತ್ತೊಂಬತ್ತು ವರ್ಷ ರೈಲು ನಿಲ್ದಾಣದ ಮೈಕಿನ ಮುಂದೆ ಕೂತು ದಿನಕ್ಕೆ ಎಂಬತ್ತು ಗಾಡಿಗಳ ಬರುಹೋಗು ಸಾರಿದವಳಿಗೆ ಒಂದು ಗೀಸರ್ ಆರಿಸಲು ಬರುವುದಿಲ್ಲವೇ?

ಇಷ್ಟೆಲ್ಲ ಬರೆದವಳು ಮುಖ್ಯವಾದದ್ದನ್ನೇ ಬರೆಯಲಿಲ್ಲ. ನಿನ್ನ ಮನೆಯ ಕೆಳಗೆ ಹಳೇ ಟೈರ್ ಗೋದಾಮು ಇದೆ ಎಂದಿದ್ದೆ. ಗೋದಾಮೇನೋ ಇದೆ, ಆದರೆ ಅದರಲ್ಲಿ ಟೈರಿಲ್ಲ. ಸಂಜೆ ಏಳಾಯಿತೆಂದರೆ ದಬದಬ ಎಂದು ಡ್ರಮ್ ಶುರುವಾಗುತ್ತದೆ, ಇಲ್ಲಿ ಎರಡನೇ ಮಹಡಿಯಲ್ಲಿ ನನ್ನ ಲೋಟಗಳು ಸ್ಟ್ಯಾಂಡಿನಲ್ಲಿ ಕುಣಿಯುತ್ತವೆ. ಅದು ಶುಕ್ರವಾರದ ಕಥೆ. ಶನಿವಾರ ಇನ್ನೂರು ಗಂಟಲು ಒಟ್ಟಿಗೆ "ಓ" ಎಂದು ಕೂಗಿದವು. ಬೆಂಕಿ ಬಿತ್ತೆಂದುಕೊಂಡು ಕೈಯಲ್ಲಿದ್ದ ಸೌಟು ಬಿಟ್ಟು ಬಾಗಿಲಿಗೆ ಓಡಿದೆ. ಎದುರು ಮನೆಯಾಕೆ ಹೇಳಿದಳು: "ಏನಿಲ್ಲ ಆಂಟಿ, ಫುಟ್‌ಬಾಲ್ ಮ್ಯಾಚು. ದೊಡ್ಡ ಪರದೆ ಮೇಲೆ ಹಾಕ್ತಾರೆ. ನಮ್ಮೂರಿನ ಟೀಮು ಗೋಲು ಹೊಡೀತು."

ಮುಂದಿನ ಶುಕ್ರವಾರ ಕೆಳಗಿಳಿದು ನಾಲ್ಕು ಮಾತು ಕೇಳಿಯೇ ಬರುತ್ತೇನೆ.

ನೀನು ದ್ವೀಪ ತಲುಪಿದ ಸುದ್ದಿ ಹೇಳಲು ನಿನ್ನ ಹವಾಮಾನ ಕಚೇರಿಯವರು ಫೋನ್ ಮಾಡಿದ್ದರು. ಅಲ್ಲಿ ಭಾನುವಾರ ಒಬ್ಬೊಬ್ಬರಿಗೂ ಹತ್ತು ನಿಮಿಷ ಫೋನ್ ಸಿಗುತ್ತದಂತೆ. ಅವರು ಹೇಳಿದ್ದನ್ನು ಬರೆದೆ, ಅಷ್ಟೆ. ನಿನಗೆ ಪತ್ರವೇ ಅನುಕೂಲ ಎಂದು ನನಗೆ ಗೊತ್ತು.

ನಿನ್ನ
ಅಮ್ಮ

ಸೆಪ್ಟೆಂಬರ್ ೧೯

ಅಮ್ಮನಿಗೆ,

ನಿನ್ನ ಪತ್ರ ದೋಣಿಯಲ್ಲಿ ಬಂತು. ನಾವಿಲ್ಲಿ ಐದು ಜನ, ಜೊತೆಗೆ ಒಬ್ಬ ಅಡುಗೆಯವ. ಮೂರು ಗಂಟೆಗೊಮ್ಮೆ ಗಾಳಿಯ ವೇಗ, ಮೋಡದ ಎತ್ತರ, ಸಮುದ್ರದ ಅಲೆ ಎಲ್ಲ ಅಳೆದು ಬರೆಯುವುದೇ ಕೆಲಸ. ಬೇರೆ ಹೇಳುವಂಥದ್ದೇನಿಲ್ಲ.

ಕೆಳಗಿನವರ ಜೊತೆ ಜಗಳಕ್ಕೆ ಹೋಗಬೇಡ. ಎರಡನೇ ಡ್ರಾಯರಿನಲ್ಲಿ ಹತ್ತಿ ಇದೆ, ಕಿವಿಗೆ ಇಟ್ಟುಕೋ. ಮೂರು ವರ್ಷ ನಾನು ಹಾಗೆಯೇ ಕಳೆದೆ, ಒಂದು ದಿನವೂ ಆ ಬಾಗಿಲು ದಾಟಿಲ್ಲ. ಒಂಬತ್ತಕ್ಕೆ ಮಲಗಿಬಿಡು.

ಫೋನ್ ಸಾಲು ಉದ್ದ ಇರುತ್ತದೆ.

ಮಗಳು

ಅಕ್ಟೋಬರ್ ೮

ಪ್ರೀತಿಯ ಮಗಳೇ,

ಹತ್ತಿ ಡ್ರಾಯರಿನಲ್ಲೇ ಇದೆ. ಜಗಳಕ್ಕೆ ಹೋದೆ. ಸೋತು ಬಂದೆ. ಇನ್ನು ಕಥೆ ಕೇಳು.

ಗೋದಾಮಿನೊಳಗೆ ಹೋದಾಗ ಆ ಜಾಗದ ಯಜಮಾನಿ ಕುರ್ಚಿಗಳನ್ನು ತಿರುಗಿಸುತ್ತಿದ್ದಳು. ಒಂದು ಗೋಡೆಗೆ ಪರದೆ, ಅದರ ಎದುರು ಗೋಡೆಗೆ ಮೊಣಕಾಲೆತ್ತರದ ಮರದ ವೇದಿಕೆ. ಮ್ಯಾಚಿನ ದಿನ ಕುರ್ಚಿಗಳ ಮುಖ ಆಚೆಗೆ, ಹಾಡಿನ ದಿನ ಈಚೆಗೆ. ಸೊಂಟಕ್ಕೆ ಕೈಯಿಟ್ಟು ನಾನು ಶುರುಮಾಡುವ ಮೊದಲೇ ಆಕೆ, "ಅಮ್ಮಾ, ಆ ಮೂರು ಕುರ್ಚಿ ಸ್ವಲ್ಪ ಎತ್ತಿಕೊಡಿ, ಆಮೇಲೆ ಎಷ್ಟು ಬೇಕಾದ್ರೂ ಬಯ್ಯಿರಿ" ಎಂದಳು. ಎತ್ತಿಕೊಟ್ಟೆ. ಬಯ್ಯುವಷ್ಟರಲ್ಲಿ ಪಿಯಾನೋ ಶುರುವಾಯಿತು.

ಮಗಳೇ, ಮೇಲಿನಿಂದ ಕೇಳುವಾಗ ಅದು ಬರೀ ದಬದಬ. ಡ್ರಮ್ಮಿನ ಸದ್ದು ಮಾತ್ರ ಗೋಡೆ ಹತ್ತಿ ಬರುತ್ತದೆ, ಪಿಯಾನೋ ಕೆಳಗೇ ಉಳಿದುಬಿಡುತ್ತದೆ. ಎದುರು ಕೂತು ಕೇಳಿದರೆ ಡ್ರಮ್ ಬಾಗಿಲು ತಟ್ಟುತ್ತದೆ, ಪಿಯಾನೋ ಒಳಗಿನಿಂದ ಓಗೊಡುತ್ತದೆ. ಡ್ರಮ್ ಬಾರಿಸುವವರು ಹಗಲು ಹೊತ್ತು ಹಲ್ಲಿನ ಡಾಕ್ಟರು. ಹಾಡುವುದು ಯಜಮಾನಿಯೇ, ಏಪ್ರನ್ ಬಿಚ್ಚದೆ. ಪಿಯಾನೋ ನುಡಿಸುವವರಿಗೆ ಕಣ್ಣು ಕಾಣುವುದಿಲ್ಲ. ಊರಿನ ಪಿಯಾನೋಗಳಿಗೆಲ್ಲ ಶ್ರುತಿ ಮಾಡಿಕೊಡುವ ಕಸುಬು ಅವರದು, ಎಲ್ಲರೂ ಶ್ರುತಿ ಮೇಷ್ಟ್ರು ಎನ್ನುತ್ತಾರೆ. ನನ್ನ ವಯಸ್ಸಿನವರೇ. ಮುಗಿಯುವಾಗ ಹತ್ತೂವರೆ. ನಾನು ಎರಡು ನಿಂಬೆ ಸೋಡಾ ಕುಡಿದಿದ್ದೆ, ಜಗಳ ಮರೆತೇಹೋಗಿತ್ತು.

ಮರುದಿನ ಮ್ಯಾಚಿಗೂ ಹೋದೆ. ಮೇಷ್ಟ್ರು ಅಲ್ಲೂ ಇದ್ದರು. ಜನ ಕೂಗಿದಾಗಲೆಲ್ಲ ಅಕ್ಕಪಕ್ಕದವರ ತೋಳು ಹಿಡಿದು "ಏನಾಯ್ತು? ಯಾರು ಹೊಡೆದ್ರು?" ಎನ್ನುತ್ತಿದ್ದರು. ಎಲ್ಲರ ಕಣ್ಣೂ ಪರದೆಗೆ ನೆಟ್ಟಿತ್ತು, ಯಾರು ಉತ್ತರ ಕೊಡುತ್ತಾರೆ? ಪಕ್ಕದಲ್ಲಿ ಹೋಗಿ ಕೂತೆ. ನನ್ನ ಬಾಯಿಂದ ಬಂದದ್ದೇನು ಗೊತ್ತೇ? "ಎಡಬದಿಯಿಂದ ಏಳನೇ ನಂಬರು ಬರ್ತಾ ಇದೆ. ಮಧ್ಯದಲ್ಲಿ ಹತ್ತನೇ ನಂಬರು ಹೊರಡೋಕೆ ಸಿದ್ಧವಾಗಿದೆ. ಹನ್ನೊಂದನೇ ನಂಬರು ತಡವಾಗಿ ಓಡ್ತಿದೆ, ಅಡಚಣೆಗಾಗಿ ವಿಷಾದಿಸುತ್ತೇವೆ."

ಮೇಷ್ಟ್ರು ನಕ್ಕೂ ನಕ್ಕೂ ಕೆಮ್ಮಿದರು. "ಮೇಡಮ್, ಮೂವತ್ತು ವರ್ಷದಲ್ಲಿ ಇವತ್ತೇ ನಾನು ಮ್ಯಾಚು ನೋಡಿದ್ದು" ಎಂದರು.

ಅದಾಗಿ ಮೂರು ಶನಿವಾರ ಕಳೆದಿದೆ. ಈಗ ಯಜಮಾನಿ ನನ್ನ ಕೈಗೆ ಮೈಕನ್ನೇ ಕೊಟ್ಟಿದ್ದಾಳೆ. ಹಿಂದಿನ ಸಾಲಿನವರಿಗೆ ಪರದೆ ಸರಿಯಾಗಿ ಕಾಣದು, ಅವರಿಗೂ ನಾನೇ ಗತಿ. ಹಳೇ ರೂಢಿ ಬಿಟ್ಟಿಲ್ಲ. ತಂಡಗಳ ಹೆಸರು, ಹೊತ್ತು, ಬದಲಾದ ಆಟಗಾರ, ಎಲ್ಲವನ್ನೂ ಮೊದಲು ಚೀಟಿಯಲ್ಲಿ ಬರೆದುಕೊಂಡೇ ಹೇಳುವುದು. ನಿಲ್ದಾಣದಲ್ಲಿ ಬರೆಯದೆ ಒಂದು ಅಕ್ಷರ ನುಡಿಯುವ ಹಾಗಿರಲಿಲ್ಲ, ನಿನಗೆ ನೆನಪಿರಬೇಕು.

ಅರವತ್ತೊಂದಕ್ಕೆ ನಿನ್ನಮ್ಮ ಹಾದಿ ತಪ್ಪಿದ್ದಾಳೆ. ಬಯ್ಯುವುದಿದ್ದರೆ ಉದ್ದನೆಯ ಪತ್ರದಲ್ಲಿ ಬಯ್ಯಿ.

ಸೋಡಾ ಕುಡಿದ
ಅಮ್ಮ

ಅಕ್ಟೋಬರ್ ೩೧

ಅಮ್ಮನಿಗೆ,

ನಿನ್ನ ಪತ್ರವನ್ನು ಊಟದ ಮೇಜಿನಲ್ಲಿ ಗಟ್ಟಿಯಾಗಿ ಓದಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಡುಗೆಯವ ಈಗ ಊಟಕ್ಕೆ ಕರೆಯುವುದೇ "ಅನ್ನ ಹೊರಡೋಕೆ ಸಿದ್ಧವಾಗಿದೆ" ಎಂದು. ಮೇಷ್ಟ್ರ ಹೆಸರು ಮೂರು ಸಲ ಬಂದಿದೆ. ಎಣಿಸುವುದೇ ನನ್ನ ಕೆಲಸ, ತಪ್ಪು ತಿಳಿಯಬೇಡ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಓದುತ್ತಾ ಓದುತ್ತಾ "ಅಡಚಣೆಗಾಗಿ ವಿಷಾದಿಸುತ್ತೇವೆ" ಎಂಬಲ್ಲಿ ನಿಲ್ಲಿಸಿ ಹಾಳೆ ಮಡಚಿಬಿಟ್ಟೆ. ಹತ್ತೊಂಬತ್ತು ವರ್ಷದಿಂದ ಹೇಳದೆ ಇಟ್ಟುಕೊಂಡದ್ದನ್ನು ಇವತ್ತು ಬರೆದುಬಿಡುತ್ತೇನೆ.

ಅಪ್ಪ ಹೋದ ದಿನ ಆಸ್ಪತ್ರೆಯಲ್ಲಿ ನಾನೊಬ್ಬಳೇ ಇದ್ದೆ. ನಿನಗೆ ಆಗಲೇ ಫೋನ್ ಮಾಡಿ ತಿಳಿಸಿದ್ದೇವೆ ಎಂದರು. ನೀನು ಬರಲಿಲ್ಲ. ಹದಿನೈದು ವರ್ಷದ ಹುಡುಗಿ ಆ ಮಂಜಿನಲ್ಲಿ ನಿಲ್ದಾಣದ ತನಕ ನಡೆದು ಬಂದೆ, ನಿನ್ನನ್ನು ಕರೆದುಕೊಂಡು ಹೋಗಲು. ಎರಡನೇ ಪ್ಲಾಟ್‌ಫಾರ್ಮಿನಲ್ಲಿ ಧ್ವನಿವರ್ಧಕದ ಕೆಳಗೆ ನಿಂತಿದ್ದಾಗ ನಿನ್ನ ದನಿ ಕೇಳಿತು. ದಿನಾ ಇರುವ ಹಾಗೆಯೇ ಇತ್ತು. ಒಂದು ಎಳೆಯೂ ನಡುಗಿರಲಿಲ್ಲ. ಅಪ್ಪ ಸತ್ತು ಒಂದು ಗಂಟೆಯಾಗಿರಲಿಲ್ಲ, ನೀನು ರೈಲು ತಡವಾದದ್ದಕ್ಕೆ ವಿಷಾದ ಹೇಳುತ್ತಿದ್ದೆ.

ಚಿಕ್ಕವಳಿದ್ದಾಗ ಬೇಕೆಂದೇ ಕಳೆದುಹೋಗುತ್ತಿದ್ದೆನಲ್ಲ, ನೆನಪಿದೆಯೇ? "ಕೆಂಪು ಫ್ರಾಕು ತೊಟ್ಟ ಹುಡುಗಿ ವಿಚಾರಣೆ ಕಿಟಕಿಯ ಬಳಿ ಬರಬೇಕು, ಅಮ್ಮ ಕಾಯುತ್ತಿದ್ದಾರೆ" ಎಂದು ನೀನು ಇಡೀ ನಿಲ್ದಾಣಕ್ಕೆ ಸಾರುವುದನ್ನು ಕೇಳುವ ಆಸೆಗೆ. ನಾನು ಲೋಕದಲ್ಲೇ ಹೆಚ್ಚು ಪ್ರೀತಿಸಿದ ದನಿ ಅದು. ಆ ಸಂಜೆಯ ನಂತರ ಅದನ್ನು ಕೇಳಲು ನನ್ನಿಂದ ಆಗುತ್ತಿಲ್ಲ. ಫೋನ್ ಸಾಲು ಉದ್ದ ಇರುವುದಿಲ್ಲ, ಅಮ್ಮ. ಸುಳ್ಳು ಬರೆದಿದ್ದೆ.

ಮಗಳು

ನವೆಂಬರ್ ೨೧

ಅಮ್ಮನಿಗೆ,

ದೋಣಿ ಬಂತು. ಬೇರೆ ಎಲ್ಲರಿಗೂ ಪತ್ರ ಇತ್ತು. ಗಿಡಗಳು ಹೇಗಿವೆ?

ಮಗಳು

ಡಿಸೆಂಬರ್ ೧

ಮಗಳೇ,

ಗಿಡಗಳು ಚೆನ್ನಾಗಿವೆ. ಹನ್ನೊಂದನೆಯದೂ ಚಿಗುರಿದೆ.

ನಿನ್ನ ಪತ್ರಕ್ಕೆ ನಾಲ್ಕು ಸಲ ಉತ್ತರ ಬರೆದು ನಾಲ್ಕು ಸಲ ಹರಿದೆ. ಕೆಳಗೆ ಹೋಗುವುದನ್ನೂ ಬಿಟ್ಟೆ. ನಾಲ್ಕು ಶನಿವಾರ ಕಿಟಕಿ ಮುಚ್ಚಿಕೊಂಡು ಕೂತೆ, ನಿನ್ನ ಹತ್ತಿಯನ್ನೂ ಕಿವಿಗೆ ಇಟ್ಟುಕೊಂಡು ನೋಡಿದೆ. ಕಳೆದ ಭಾನುವಾರ ಬಾಗಿಲು ತಟ್ಟಿದ ಸದ್ದು. ಶ್ರುತಿ ಮೇಷ್ಟ್ರು, ಕೋಲು ಹಿಡಿದು ನಲವತ್ತೆರಡು ಮೆಟ್ಟಿಲು ಹತ್ತಿ ಬಂದಿದ್ದರು.

"ನಾನೇನಾದ್ರೂ ತಪ್ಪು ಮಾತಾಡಿದ್ನಾ ಮೇಡಮ್?"

"ಇಲ್ಲ. ನನ್ನ ದನಿ ಸರಿ ಇಲ್ಲ ಅಂತ ಮಗಳು ಬರೆದಿದಾಳೆ."

ಅವರು ಕೋಲನ್ನು ಗೋಡೆಗೆ ಒರಗಿಸಿ ಹೇಳಿದರು: "ಪಿಯಾನೋದಲ್ಲಿ ಒಂದು ತಂತೀನ ಜಾಸ್ತಿ ಬಿಗಿದ್ರೆ ಅದು ಅಪಶ್ರುತಿ ಆಗೋದಷ್ಟೇ ಅಲ್ಲ, ಮಾತಾಡೋದೇ ನಿಲ್ಲಿಸಿಬಿಡುತ್ತೆ. ನಿಮ್ಮ ದನಿ ಕೇಳ್ದಾಗಿಂದ ನಂಗೆ ಹಾಗನ್ಸಿದೆ. ಹೇಳೋಕೆ ಧೈರ್ಯ ಆಗ್ಲಿಲ್ಲ."

ಅವರು ಹೋದ ಮೇಲೆ ಟ್ರಂಕು ತೆಗೆದೆ. ಅದರಲ್ಲಿದ್ದದ್ದನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಮೊದಲು ಆ ಸಂಜೆ ನಡೆದದ್ದನ್ನು ಹೇಳುತ್ತೇನೆ.

ಆರು ಹತ್ತಕ್ಕೆ ಆಸ್ಪತ್ರೆಯಿಂದ ಫೋನ್ ಬಂತು. ಹೊರಗೆ ಮೂರು ಮಾರು ಆಚೆ ಏನೂ ಕಾಣುತ್ತಿರಲಿಲ್ಲ. ಎರಡನೇ ಪ್ಲಾಟ್‌ಫಾರ್ಮಿಗೆ ಬರಬೇಕಾದ ಗಾಡಿಯನ್ನು ಕೊನೇ ಗಳಿಗೆಯಲ್ಲಿ ನಾಲ್ಕಕ್ಕೆ ತಿರುಗಿಸಿದ್ದರು. ಎರಡರಲ್ಲಿ ನಿಲ್ಲದೆ ಹಾದುಹೋಗುವ ಗಾಡಿ. ಹಳಿ ದಾಟಿಯೇ ಓಡುವ ಜನ. ನನ್ನ ಪಾಳಿ ತೆಗೆದುಕೊಳ್ಳಬೇಕಾದವಳು ಅದೇ ಮಂಜಿನಲ್ಲಿ ಎಲ್ಲೋ ಸಿಕ್ಕಿಕೊಂಡಿದ್ದಳು. ದನಿ ನಡುಗಿದರೆ ಮಾತು ಒಡೆಯುತ್ತದೆ. ಮಾತು ಒಡೆದರೆ ಎರಡೋ ನಾಲ್ಕೋ ಎಂದು ಜನಕ್ಕೆ ತಿಳಿಯುವುದಿಲ್ಲ. ಆಕೆ ಬರುವ ತನಕ ಏಳು ಪ್ರಕಟಣೆ ಓದಿದೆ.

ಸಮರ್ಥಿಸಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಪಾಳಿ ಮುಗಿದ ಮೇಲೆ ಹೊರಗೆ ಬಂದಾಗ ನೀನು ಕಂಬಕ್ಕೆ ಒರಗಿ ನಿಂತಿದ್ದೆ. ಆಗ ನಿನ್ನನ್ನು ಅಪ್ಪಿಕೊಂಡು ಅಳಬೇಕಿತ್ತು. ಬಿಗಿದದ್ದನ್ನು ಸಡಿಲ ಮಾಡಲು ನನಗೆ ಬರಲಿಲ್ಲ. ಆ ದಿನ ಬರಲಿಲ್ಲ, ಮರುದಿನವೂ ಬರಲಿಲ್ಲ, ಆಮೇಲೆ ಅದೇ ನನ್ನ ದನಿಯಾಗಿ ಕೂತಿತು. ತಪ್ಪು ಮೈಕಿನ ಮುಂದೆ ಆದದ್ದಲ್ಲ ಮಗಳೇ, ಕಂಬದ ಹತ್ತಿರ ಆದದ್ದು. ಅದಕ್ಕೆ ನಾನು ನಿನ್ನ ಕ್ಷಮೆ ಕೇಳುತ್ತೇನೆ.

ಚೀಟಿಗಳನ್ನು ಒಂದು ವರ್ಷ ಇಟ್ಟು ಸುಡುವುದು ನಿಲ್ದಾಣದ ಪದ್ಧತಿ. ಆ ದಿನದ ಏಳನ್ನು ಮಾತ್ರ ಕೇಳಿ ಇಸಿದುಕೊಂಡಿದ್ದೆ. ಯಾರಿಗೂ ತೋರಿಸಿರಲಿಲ್ಲ. ಮೂಲೆ ನೋಡು.

ಅಮ್ಮ

ಡಿಸೆಂಬರ್ ೧೪

ಅಮ್ಮಾ,

ನೋಡಿದೆ.

ಏಳು ಚೀಟಿಗಳಲ್ಲೂ ಗಾಡಿಯ ನಂಬರು, ಹೊತ್ತು, ಪ್ಲಾಟ್‌ಫಾರ್ಮು ನಿನ್ನ ದುಂಡು ಅಕ್ಷರದಲ್ಲಿವೆ. ಬಲಗಡೆ ಮೂಲೆಯಲ್ಲಿ ಚಿಕ್ಕದಾಗಿ "ನಡುಗಬಾರದು" ಎಂದು ಬರೆದುಕೊಂಡಿದ್ದೀಯ. ಏಳರಲ್ಲೂ. ನಾಲ್ಕನೆಯದರಲ್ಲಿ ಅಕ್ಷರ ಸೊಟ್ಟಗಾಗಿದೆ. ಏಳನೆಯದರಲ್ಲಿ ಪೆನ್ನು ಕಾಗದ ಹರಿದು ಆಚೆ ಬಂದಿದೆ. ಆ ತೂತಿನಲ್ಲಿ ನನ್ನ ಕಿರುಬೆರಳ ತುದಿ ಹಿಡಿಸುತ್ತದೆ.

ನಾನು ಧ್ವನಿವರ್ಧಕದ ಕೆಳಗೆ ನಿಂತು ನಿನ್ನನ್ನು ದ್ವೇಷಿಸುತ್ತಿದ್ದಾಗ ನನ್ನ ಸುತ್ತ ಇದ್ದವರೆಲ್ಲ ಗಂಟುಮೂಟೆ ಎತ್ತಿಕೊಂಡು ಸೇತುವೆ ಹತ್ತಿ ನಾಲ್ಕನೇ ಪ್ಲಾಟ್‌ಫಾರ್ಮಿಗೆ ಹೋದರು. ಹಳಿಗೆ ಇಳಿಯಲು ಹೊರಟಿದ್ದ ಒಬ್ಬ ಮುದುಕ ನಿನ್ನ ಮಾತು ಕೇಳಿ ಹಿಂದಕ್ಕೆ ಬಂದ. ಅದು ನನಗೆ ಯಾವಾಗಲೂ ನೆನಪಿತ್ತು. ಆದರೆ ಅದನ್ನೂ ನಿನ್ನನ್ನೂ ಕೂಡಿಸಿ ನೋಡಿರಲಿಲ್ಲ.

ಈ ಭಾನುವಾರ ಫೋನ್ ಕೋಣೆಗೆ ಹೋದೆ. ನೀನು ಎತ್ತಿ "ಹಲೋ, ಯಾರು?" ಎಂದೆ. ನಾನು ಫೋನ್ ಇಟ್ಟುಬಿಟ್ಟೆ. ಅದು ನಾನು.

ದಯವಿಟ್ಟು ಕೆಳಗೆ ಹೋಗು. ಮೇಷ್ಟ್ರಿಗೆ ನಾಲ್ಕು ಶನಿವಾರದ ಮ್ಯಾಚು ಬಾಕಿ ಉಳಿಸಿದ್ದೀಯ. ಚೀಟಿಗಳು ನನ್ನ ಹತ್ತಿರವೇ ಇರಲಿ.

ನಿನ್ನ
ಮಗಳು

ಜನವರಿ ೪

ನನ್ನ ಬಂಗಾರವೇ,

ನೀನೇ ಎಂದು ಗೊತ್ತಿತ್ತು. ಹಿಂದೆ ಗಾಳಿ ಅಷ್ಟು ಜೋರಾಗಿ ಬೀಸುವ ಜಾಗದಿಂದ ನನಗೆ ಇನ್ಯಾರು ಫೋನ್ ಮಾಡುತ್ತಾರೆ? ನೀನು ಇಟ್ಟ ಮೇಲೂ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದೆ.

ಕೆಳಗೆ ಹೋದೆ. ಯಜಮಾನಿ ಸೋಡಾ ಬಾಟಲಿ ಎತ್ತಿ ಕೂಗಿದಳು, ಡಾಕ್ಟರು ಡ್ರಮ್ ಬಾರಿಸಿದರು, ಮೇಷ್ಟ್ರು ಮಾತ್ರ "ಹನ್ನೊಂದನೇ ನಂಬರು ಅಂತೂ ಬಂತು" ಎಂದು ಕುರ್ಚಿ ಸರಿಸಿಕೊಟ್ಟರು.

ಮೊನ್ನೆ ಸೆಮಿಫೈನಲ್. ಅಲ್ಲಿ ನಾನು ಮಾಡಿದ್ದು ಕೇಳು. ಮುಗಿಯಲು ಹತ್ತು ನಿಮಿಷ ಇದೆ, ಎರಡೂ ತಂಡ ಸಮಸಮ. ನಮ್ಮ ಏಳನೇ ನಂಬರಿನವ ಚೆಂಡನ್ನು ಬಲೆಗೆ ನುಗ್ಗಿಸಿದ. ಮಾಡು ಹಾರಿಹೋಗುವಂಥ ಕೂಗು. ಡಾಕ್ಟರು ಕನ್ನಡಕ ಎಸೆದು ಯಾರನ್ನೋ ತಬ್ಬಿಕೊಂಡರು. ಮೇಷ್ಟ್ರು ನನ್ನ ಕೈ ಹಿಡಿದು ಕಾಯುತ್ತಿದ್ದಾರೆ. ನಾನು ಗೋಲು ಎನ್ನಲೇ ಇಲ್ಲ. ಗಾಡಿ ಹೊರಗಿನ ಸಿಗ್ನಲ್ ದಾಟುವ ತನಕ "ಬರುತ್ತಿದೆ" ಎನ್ನಬಾರದೆಂದು ನನಗೆ ಮೊದಲ ದಿನವೇ ಕಲಿಸಿದ್ದು. ರೆಫರಿ ಇನ್ನೂ ಮಧ್ಯಕ್ಕೆ ಕೈ ತೋರಿಸಿರಲಿಲ್ಲ.

"ಹೇಳೀಮ್ಮಾ! ಗೋಲು ಅನ್ನೀಮ್ಮಾ!" ಎಂದು ಡಾಕ್ಟರು ಕಿರುಚಿದರು.

"ಇನ್ನೂ ಖಚಿತ ಆಗಿಲ್ಲ. ದಯವಿಟ್ಟು ಕಾಯಿರಿ," ಎಂದೆ ಮೈಕಿನಲ್ಲಿ.

ಇನ್ನೂರು ಜನ ನನ್ನನ್ನು ತಿನ್ನುವ ಹಾಗೆ ನೋಡಿದರು. ಅಷ್ಟರಲ್ಲಿ ಅಂಚಿನಲ್ಲಿದ್ದವನ ಬಾವುಟ ಕಂಡಿತು. ಆಫ್‌ಸೈಡು, ಗೋಲು ರದ್ದು. ಡಾಕ್ಟರು ಕನ್ನಡಕ ಹುಡುಕಲು ಮೇಜಿನ ಕೆಳಗೆ ಹೋದರು. ಕೊನೆಗೆ ಪೆನಾಲ್ಟಿಯಲ್ಲಿ ಗೆದ್ದೆವು, ಬಿಡು. ಆದರೆ ಅವತ್ತಿನಿಂದ ನಾನು ಹೇಳದೆ ಇಲ್ಲಿ ಯಾರೂ ಕುಣಿಯುವಂತಿಲ್ಲ ಎಂದು ಯಜಮಾನಿ ಗೋಡೆಗೆ ಬರೆದು ಹಾಕಿದ್ದಾಳೆ.

ಫೈನಲ್ ಇಪ್ಪತ್ತೈದಕ್ಕೆ. ಮುಗಿದ ಮೇಲೆ ಹಾಡು ಇದೆ, ಒಂದೇ ದಿನ ಎರಡೂ. ಕುರ್ಚಿ ತಿರುಗಿಸಲು ಜನ ಬೇಕು. ನೀನು ಊರಿಗೆ ಮರಳುವ ದೋಣಿ ಇಪ್ಪತ್ತೇಳಕ್ಕೆ ಎಂದು ಗೊತ್ತು. ಸುಮ್ಮನೆ ಬರೆದೆ.

ನಿನ್ನ
ಅಮ್ಮ

ಜನವರಿ ೨೫, ರಾತ್ರಿ ಒಂಬತ್ತು ಗಂಟೆ

ಅಮ್ಮಾ,

ಇದನ್ನು ಹಾಡುಗಳ ಪಟ್ಟಿಯ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ, ಯಜಮಾನಿ ಪೆನ್ನು ಕೊಟ್ಟಳು, ನಿನಗೆ ತಲುಪಿಸುವವಳೂ ಅವಳೇ. ಸಮುದ್ರ ಶಾಂತವಾಗಿರುತ್ತದೆ ಎಂದು ಮುನ್ಸೂಚನೆ ಕೊಟ್ಟವಳು ನಾನೇ, ಹಾಗಾಗಿ ದೋಣಿ ಎರಡು ದಿನ ಮೊದಲೇ ಹೊರಟಿತು. ನಾನು ಬಾಗಿಲ ಹತ್ತಿರ ನಿಂತು ಇಪ್ಪತ್ತು ನಿಮಿಷವಾಯಿತು.

ಚೆಂಡು ಬಲೆಗೆ ಬಿದ್ದಾಗ ಇಲ್ಲಿ ಒಬ್ಬರೂ ಕೂಗಲಿಲ್ಲ. ಇಷ್ಟೂ ಜನ ಪರದೆ ಬಿಟ್ಟು ನಿನ್ನ ಕಡೆ ತಿರುಗಿದರು. ನೀನು ಕನ್ನಡಕ ಸರಿಮಾಡಿಕೊಂಡು ನೋಡಿದೆ, ಕಾದೆ, ಮೇಷ್ಟ್ರ ಭುಜದ ಮೇಲೆ ಕೈ ಇಟ್ಟೆ. ಆಮೇಲೆ "ಗೋಲು" ಎಂದೆ. ಆ ಎರಡು ಅಕ್ಷರದ ನಡುವೆ ನಿನ್ನ ದನಿ ಒಡೆದುಹೋಯಿತು. ಮತ್ತೆ ಹೇಳಲು ಹೋಗಿ ಅದೂ ಆಗದೆ ಮೈಕನ್ನು ಎದೆಗೆ ಒತ್ತಿಕೊಂಡು ಅಳುತ್ತಾ ನಗುತ್ತಿದ್ದೆ. ಅಪ್ಪನಿಗೆ ನಡುಗದ ದನಿ ಒಂದು ಗೋಲಿಗೆ ನಡುಗಿತಲ್ಲ ಎಂದು ಮೊದಲಾಗಿದ್ದರೆ ನನಗೆ ಸಿಟ್ಟು ಬರುತ್ತಿತ್ತು. ಇವತ್ತು ನಾನೂ ನಿನ್ನ ಹಾಗೆಯೇ ನಿಂತಿದ್ದೆ, ಕಣ್ಣು ಒರೆಸಿಕೊಳ್ಳುತ್ತಾ, ನಗುತ್ತಾ. ಪಕ್ಕದವನು ನನಗೆ ಸೋಡಾ ಕೊಟ್ಟ.

ಒಳಗೆ ಬರಬಹುದು. ಆದರೆ ನನಗೊಂದು ಆಸೆ ಇದೆ, ನೀನು ಊಹಿಸಬಲ್ಲೆ. ನಾನು ಕಳೆದುಹೋಗಿದ್ದೇನೆ ಅಮ್ಮ. ಬೂದು ಬಣ್ಣದ ಕೋಟು ಹಾಕಿದ್ದೇನೆ. ಕರೆ.

ನಿನ್ನ
ಮಗಳು

(ಅದೇ ಹಾಳೆಯ ಕೆಳಗೆ ಪಿನ್ನು ಚುಚ್ಚಿದ ಚೀಟಿ)

ರಾತ್ರಿ ೯:೧೦

ದಯವಿಟ್ಟು ಎಲ್ಲರೂ ಗಮನಿಸಿ. ಬೂದು ಬಣ್ಣದ ಕೋಟು ತೊಟ್ಟ, ಮೂವತ್ತನಾಲ್ಕು ವರ್ಷದ ಹುಡುಗಿ ಬಾಗಿಲ ಬಳಿ ಒಬ್ಬಳೇ ನಿಂತಿದ್ದಾಳೆ. ಆಕೆ ಕೂಡಲೇ ಪಿಯಾನೋದ ಹತ್ತಿರ ಬರಬೇಕು. ಅಮ್ಮ ಕಾಯುತ್ತಿದ್ದಾರೆ. ಹತ್ತೊಂಬತ್ತು ವರ್ಷ ತಡವಾಗಿದೆ. ವಿಷಾದಿಸುತ್ತೇನೆ.

ಓದುವವರು: ಅಮ್ಮ

(ಬಲಗಡೆ ಮೂಲೆಯಲ್ಲಿ, ಚಿಕ್ಕದಾಗಿ)

ನಡುಗಿದರೂ ಪರವಾಗಿಲ್ಲ.